ಮಾವನವರು ಗುಡ್ಡ ಹತ್ತಿದ್ದು

ನನ್ನ ಮೊದಲ ಮೊಮ್ಮಗನಿಗೆ ನನ್ನ ಮಾವನವರ ಹೆಸರಿಟ್ಟರು. ತೊಟ್ಟಿಲಲ್ಲಿ ಹಾಕಿದ ದಿನ ಕೂಸಿನ ಕಿವಿಯಲ್ಲಿ ಆ ಹೆಸರು ಕೂಗಿದವಳು ನನ್ನ ಮಗಳು. ಹೆಸರು ಕೂಗಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮ ಕಡೆಯ ಪದ್ಧತಿ; ನಾನು ಹಿಗ್ಗಿನಲ್ಲಿ ಎಲ್ಲರಿಗಿಂತ ಜೋರಾಗಿ ಗುದ್ದಿದೆ. ಆಮೇಲೆ ತಿಳಿಯಿತು, ಈ ಕೂಸನ್ನು ನಾನು ಕರೆಯುವುದು ಹೇಗೆ?

ಗಂಡನ ಹೆಸರು, ಮಾವನ ಹೆಸರು ಸೊಸೆಯಾದವಳು ಬಾಯಿಂದ ತೆಗೆಯುವಂತಿಲ್ಲ. ಮಸ್ಕಿ ಕಡೆಯ ಗುಡ್ಡದ ದೇವರದೂ ಅದೇ ಹೆಸರಾದ್ದರಿಂದ, ಮದುವೆಯಾಗಿ ಬಂದಾಗಿನಿಂದ ದೇವರನ್ನೂ ನಾನು ಗುಡ್ಡದಪ್ಪ ಎಂದೇ ಕರೆದವಳು. ದೇವರೇನೂ ಬೇಸರ ಮಾಡಿಕೊಂಡಿರಲಿಲ್ಲ. ಇನ್ನು ಕೂಸು ಮಾಡಿಕೊಳ್ಳುತ್ತದೆಯೇ ಎಂದು ನಾನು ಅವನನ್ನು "ಮಾವನವ್ರ" ಎಂದೆ. ಮಾವನವ್ರ ಅಂದ ಮೇಲೆ ಏಕವಚನ ನಡೆಯುವುದಿಲ್ಲ. "ಮಾವನವ್ರ, ಹಾಲು ಕುಡೀರಿ," "ಮಾವನವ್ರ, ಹಾಸಿಗಿ ತೋಯಿಸೀರೇನ್ರಿ?" ಎಂದು ನಡೆಯಿತು. ನನ್ನನ್ನು ನೋಡಿ ನನ್ನ ಸೊಸೆಯೂ ಕೂಸಿನ ಹೆಸರು ಬಿಟ್ಟು, ಅಜ್ಜನನ್ನು ಕರೆದಂತೆ "ಮುತ್ಯಾ" ಎಂದಳು. ನನ್ನ ಯಜಮಾನರಿಗೆ ತಮ್ಮ ಅಪ್ಪನ ಹೆಸರಲ್ಲವೇ, ಅವರು "ಅಪ್ಪಾಜಿ" ಎಂದರು. ಹೀಗೆ ಹೆಸರು ತೊಟ್ಟಿಲಲ್ಲಿಯೇ ಉಳಿಯಿತು.

ಇದು ಪೊಲೀಸ್ ಆಕ್ಷನ್ ಆಗಿ ಎರಡನೆಯ ವರ್ಷದ ಮಾತು. ನಾವಿದ್ದದ್ದು ಸಂತೆಕಲ್ಲೂರಿನಲ್ಲಿ. ಮೊಮ್ಮಗ ಹುಟ್ಟಿದ್ದನ್ನು ಊರಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಹೇಳಿದವರಿಗೇ ಮತ್ತೊಮ್ಮೆ ಹೇಳಿದೆ. ಕಡೆಕಡೆಗೆ ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡರೆ ಸಾಕು, ತಾವೇ ಮೊದಲು ಮಾಡಿ, ಹೌದವ್ವ, ಗಂಡು ಕೂಸು, ಮೂಗು ನಿಮ್ಮ ಮಾವಂದು ಎಂದುಬಿಡುತ್ತಿದ್ದರು.

ಒಂದೇ ಚಿಂತೆ, ಮಾವನವರು ನಡೆಯಲೊಲ್ಲರು. ಎರಡೂವರೆ ವರ್ಷವಾದರೂ ಕುಂಡೆಯ ಮೇಲೆ ಜಾರುತ್ತಲೇ ಮನೆ ತುಂಬ ಕಾರಭಾರ ಮಾಡುತ್ತಿದ್ದರು. ನಾನು ಹೆದರಿ ಗುಡ್ಡದಪ್ಪನಿಗೆ ಹರಕೆ ಹೊತ್ತೆ: ಈ ಕೂಸು ನಡೆದರೆ, ಯಾರೂ ಎತ್ತಿಕೊಳ್ಳದೆ ಅವನ ಕಾಲಿನಿಂದಲೇ ಗುಡ್ಡ ಹತ್ತಿಸಿ, ದಬದಬಿಗೆ ತಲೆ ಕೊಡಿಸುತ್ತೇನೆ. ದಬದಬಿ ಅಂದರೆ ಮಳೆಗಾಲದಲ್ಲಿ ಗುಡ್ಡದ ನೆತ್ತಿಯಿಂದ ಬೀಳುವ ನೀರು. ಬಾವಿಯಿಂದ ನೀರನ್ನು ಮೇಲೆ ಸೇದಿ ಸೇದಿ ಅಂಗೈ ಸವೆದ ನಮಗೆ, ನೀರು ತಾನಾಗಿ ಮೇಲಿಂದ ಬೀಳುವುದೇ ದೊಡ್ಡ ತಮಾಷೆ. ಹಿಂದೆ ಅಲ್ಲಿಗೆ ಮುಳ್ಳುಕಲ್ಲಿನ ಕಾಲುದಾರಿ ಇತ್ತು. ಯಾರೋ ಪುಣ್ಯಾತ್ಮರು ಬುಡದಿಂದ ನೀರಿನ ತನಕ ಫರಸಿ ಕಲ್ಲು ಹಾಸಿ, ಕಡಿದಾದಲ್ಲಿ ಪಾವಟಿಗೆ ಕಟ್ಟಿಸಿದರು. ಆಮೇಲೆ ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡೆಯ ಮಂದಿ ಅಲ್ಲಿಗೇ.

ಕೂಸು ನಡೆಯಿತು. ನಾಲ್ಕು ತುಂಬಿದ ವರ್ಷ ಶ್ರಾವಣದ ಒಂದು ಸೋಮವಾರ ಬಂಡಿ ಕಟ್ಟಿಕೊಂಡು ಹೋದೆವು. ಸೊಸೆ ಮತ್ತೆ ಬಸುರಿ, ಮಗ ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸದ ಮೇಲೆ. ಹಾಗಾಗಿ ಯಜಮಾನರು, ನಾನು, ಮಾವನವರು, ಮೂವರೇ.

ಮಾವನವರು ಹತ್ತು ಪಾವಟಿಗೆ ಹತ್ತಿ ಕೂತರು. ಇನ್ನು ಆರು ಹತ್ತಿ ಮತ್ತೆ ಕೂತರು. ನಾನು ಬಗ್ಗಿ, "ಮಾವನವ್ರ, ಇನ್ನೊಂದು ಹತ್ರಿ. ಇದೊಂದ ನೋಡ್ರಿ, ಆತು," ಎಂದು ಬೇಡಿಕೊಳ್ಳುತ್ತಿದ್ದೆ. ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ನನ್ನ ಸೊಂಟದ ಆಚೆ ಇಣುಕಿ, ಈ ವಯಸ್ಸಿನವರನ್ನು ಯಾಕವ್ವ ಹತ್ತಿಸುತ್ತೀ ಎಂದು ಬೈಯಲು ಬಾಯಿ ತೆರೆದವಳು, ಮೂಗು ಸುರಿಸುತ್ತ ಕೂತಿದ್ದ ಮಾವನವರನ್ನು ಕಂಡು ಬಾಯಿ ಮುಚ್ಚಿಕೊಂಡು ಮುಂದೆ ಹೋದಳು.

ಅರ್ಧ ದಾರಿಯಲ್ಲಿ ಒಂದು ಬೇವಿನ ಗಿಡ. ಯಜಮಾನರು ತಂಬಾಕಿನ ಚೀಲ ತೆಗೆದರು. ನಾನು ರೊಟ್ಟಿ ಗಂಟು ಬಿಚ್ಚಿ, ಮೇಲಿನದಕ್ಕೆ ಬೆಲ್ಲ ಇಟ್ಟು ತಿರುಗಿದೆ. ಮಾವನವರಿಲ್ಲ.

ಮೊದಲು ನನಗೆ ಬಂದದ್ದು ಹಿಗ್ಗು ಅಂದರೆ ನೀವು ನಂಬಲಿಕ್ಕಿಲ್ಲ. ನಡೆಯಲೊಲ್ಲದ ಕೂಸು ಕಣ್ಣು ತಪ್ಪಿಸಿ ಓಡುವಷ್ಟಾಯಿತಲ್ಲ! ಆ ಹಿಗ್ಗು ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ದಬದಬಿಯ ಕೆಳಗಿನ ಮಡು ನೆನಪಾಯಿತು. ದೊಡ್ಡವರಿಗೆ ಅದು ಎದೆಮಟ. ಅವನಿಗೆ?

ಯಜಮಾನರು ಕೆಳಗೆ ಓಡಿದರು, ನಾನು ಮೇಲಕ್ಕೆ. "ಮಾವನವ್ರ, ಎಲ್ಲಿದ್ದೀರಿ?" ಎಂದು ಒದರುತ್ತ ಹೊರಟೆ. ಮಂದಿ ಪಾಪ ಒಳ್ಳೆಯವರು, ನಿಂತು ಕೇಳಿದರು.

"ಕೈಯಾಗ ಬಡಿಗಿ ಐತೇನವ್ವ?"

"ಇಲ್ರಿ."

"ಕಣ್ಣು ಕಾಣಸ್ತಾವಿಲ್ಲೋ?"

"ಚಲೋ ಕಾಣಸ್ತಾವ್ರಿ. ಅಂಗಿ ಅಷ್ಟ ಹಾಕ್ಯಾರ, ಚಡ್ಡಿ ಇಲ್ಲ."

ಕೇಳಿದವನು ಹೆಗಲ ಮೇಲಿನ ಟವೆಲ್ ತೆಗೆದು, ಸಿಕ್ಕರೆ ಮೊದಲು ಇದನ್ನು ಉಡಿಸಿರಿ ಎಂದು ನನ್ನ ಕೈಗೆ ಕೊಟ್ಟು ಹೋದ. ಇನ್ನೊಬ್ಬ ಕೆಳಗೆ ಓಡಿ, ರುಮಾಲಿನ ಮುದುಕರೊಬ್ಬರನ್ನು ತೋಳು ಹಿಡಿದು ಕರೆತಂದ. ಆ ಮುದುಕರು, ನನಗೆ ಸೊಸೆಯೇ ಇಲ್ಲ ಎಂದು ಜಗಳ ತೆಗೆದರು. ಆಗ ನಾನು ಅಳುತ್ತ, ಮಾವನವರಲ್ಲ, ಮೊಮ್ಮಗ, ನಾಲ್ಕು ವರ್ಷದವನು ಎಂದೆ. ಹಾಗಾದರೆ ಹೆಸರು ಹೇಳವ್ವ, ಎಲ್ಲರೂ ಕೂಗೋಣ ಎಂದರು ಸುತ್ತ ನಿಂತ ಮಂದಿ.

ಹೆಸರು. ಯಜಮಾನರು ಕೆಳಗೆ ಎಲ್ಲಿದ್ದಾರೋ. ಅವರನ್ನು ಬಿಟ್ಟರೆ ಇಡೀ ಗುಡ್ಡದಲ್ಲಿ ಆ ಕೂಸಿನ ಹೆಸರು ಗೊತ್ತಿದ್ದವಳು ನಾನೊಬ್ಬಳೇ. ಮಾವನವರೇ ತಪ್ಪಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ ಒದರಿದೆ.

ಗುಡ್ಡ ಅದೇ ಹೆಸರನ್ನು ಹಿಂದಕ್ಕೆ ಒದರಿತು. ಮೇಲಿದ್ದವರು, ಕೆಳಗಿದ್ದವರು, ನೀರಿಗೆ ನಿಂತವರು, ಎಲ್ಲರೂ. ಅದು ದೇವರ ಹೆಸರಲ್ಲವೇ? ಯಾರೋ ತಾಯಿಗೆ ಭಕ್ತಿ ಉಕ್ಕಿದೆ ಎಂದು ತಿಳಿದು ಕೈ ಎತ್ತಿ ಕೂಗಿದರು. ನಾನು ಇನ್ನೂ ಜೋರು ಮಾಡಿದೆ, ಅವರೂ ಜೋರು ಮಾಡಿದರು. ನಾಲ್ಕು ಸಲ ಕೂಗಿದ್ದಕ್ಕೆ ಬಂದವರು ಮೂವರು. ಹೊಲಗಳ ತನಿಖೆಗೆ ನಮ್ಮ ಕಡೆ ಬರುವ ಗಿರದಾವರ ಸಾಹೇಬರು, ಕೊಡೆ ಹಿಡಿದುಕೊಂಡು, ನನ್ನನ್ನು ಬರೀ ಹೆಸರಿನಿಂದ ಕರೆದದ್ದು ಯಾರು ಎನ್ನುತ್ತ ಬಂದರು. ಕಾಲುವೆ ಕೆಲಸದ ತೆಲುಗಿನವನೊಬ್ಬ "ಏಮಮ್ಮಾ?" ಎಂದ. ಮೂರನೆಯವನು ಪಾಮನಕಲ್ಲೂರಿನವನು, ಬಾಯಲ್ಲಿ ಮಂಡಕ್ಕಿ ತುಂಬಿಕೊಂಡು ಬಂದು ಸುಮ್ಮನೆ ನಿಂತ. ಮೂವರದೂ ಅದೇ ಹೆಸರು. ಬರಬೇಕಾದವನು ಮಾತ್ರ ಬರಲಿಲ್ಲ.

ನಾನು ಫರಸಿಯ ಮೇಲೆ ಕೂತುಬಿಟ್ಟೆ. ಆಗ ಗಿರದಾವರ ಸಾಹೇಬರೇ ಬಗ್ಗಿ ಕೇಳಿದರು.

"ಮನ್ಯಾಗ ಆ ಕೂಸಿಗೆ ಏನಂತ ಕರೀತೀರಿ?"

"ಮಾವನವ್ರ ಅಂತ್ರಿ."

ಅವರು ನನ್ನನ್ನೊಮ್ಮೆ ನೋಡಿದರು. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಎರಡೂ ಕೈ ಬಾಯಿಗೆ ಹಿಡಿದು, ಸರ್ಕಾರಿ ದನಿಯಲ್ಲಿ, "ಮಾವನವ್ರ, ಬರ್ರಿ," ಎಂದು ಕೂಗಿದರು. ತೆಲುಗಿನವನು ಹಾಗೆಯೇ ಕೂಗಿದ. ಮಂಡಕ್ಕಿಯವನು ನುಂಗಿ ಕೂಗಿದ. ಒಬ್ಬರಿಂದೊಬ್ಬರಿಗೆ ದಾರಿಯುದ್ದಕ್ಕೂ ಹೋಯಿತು. ಸೊಸೆ ಕಾಣದ ಆ ಮುದುಕರೂ ಕೂಗಿದರು.

ಮೇಲೆ ದಬದಬಿಯ ಪಕ್ಕದ ದೊಡ್ಡ ಬಂಡೆಯ ಹಿಂದಿನಿಂದ "ಓ" ಎಂದಿತು. ನಾನು ಹೇಗೆ ಹತ್ತಿದೆನೋ, ಗುಡ್ಡದಪ್ಪನಿಗೆ ಗೊತ್ತು. ಮಾವನವರು ಮಡುವಿನ ಹತ್ತಿರವೂ ಹೋಗಿರಲಿಲ್ಲ. ಬಂಡೆಯ ಸಂದಿನಲ್ಲಿ ತೊಟ್ಟಿಕ್ಕುವ ನೀರಿಗೆ ಒಂದು ಕಪ್ಪೆಯನ್ನು ಕೂರಿಸಿ, ಅದರ ತಲೆ ತೋಯಿಸುತ್ತ ಕೂತಿದ್ದರು. ನಿಮ್ಮನ್ನು ಯಾರಾದರೂ ಎತ್ತಿಕೊಂಡು ಬಂದರೇನ್ರಿ ಎಂದು ಕೇಳಿದೆ. "ಇಲ್ಲ, ನಾನ ಬಂದೆ," ಎಂದರು. ಅವರ ಎರಡೂ ಪಾದ ಹಿಡಿದು ಮುತ್ತು ಕೊಟ್ಟೆ. ಮಾವನವರ ಪಾದ ಮುಟ್ಟುವುದರಲ್ಲಿ ತಪ್ಪೇನಿದೆ?

ಅಷ್ಟರಲ್ಲಿ ಯಜಮಾನರು ಏದುತ್ತ ಬಂದರು. ಅವರ ಮುಖ ನೋಡಲು ನನಗೆ ಧೈರ್ಯವಿಲ್ಲ. ಅವರ ಅಪ್ಪನ ಹೆಸರನ್ನು ನಾನು ಒದರಿದ್ದು ಬುಡದ ತನಕ ಕೇಳಿಸಿರಲೇಬೇಕು. ಅವರು ಮೊದಲು ಕೂಸಿನ ಮೈ ತಡವಿ ನೋಡಿದರು. ಆಮೇಲೆ, "ನಮ್ಮಪ್ಪ ಅಷ್ಟು ಕಿವುಡ, ನೀ ಅಂವ ಇದ್ದಾಗ ಹಿಂಗ ಒದರಿದ್ರ ಆತಗೂ ಕೇಳ್ತಿತ್ತು," ಎಂದರು. ಅಷ್ಟೇ.

ಮಾವನವರು ಕಪ್ಪೆ ಬಿಟ್ಟು ನನ್ನನ್ನು ಕೇಳಿದರು: "ಆಯಿ, ಎಲ್ಲಾರೂ ಒದರಿದ್ರಲ್ಲ, ಅದು ಯಾರ ಹೆಸರು?"

ನಾನು ಯಜಮಾನರನ್ನು ನೋಡಿದೆ. "ನಿಂದ ಅಪ್ಪಾಜಿ ಅದು," ಎಂದರು.

ಅವನು ಗಿರದಾವರ ಸಾಹೇಬರನ್ನು ನೋಡಿದ, ತೆಲುಗಿನವನನ್ನು ನೋಡಿದ, ಮಂಡಕ್ಕಿಯವನನ್ನು ನೋಡಿದ. "ಅದು ಇವ್ರದು. ನಂದು ಮಾವನವ್ರು," ಎಂದ.

ಗಿರದಾವರ ಸಾಹೇಬರು ತಲೆಯಾಡಿಸಿ, ಖರೇ ಅದ ಎಂದರು. ಸರ್ಕಾರದವರೇ ಒಪ್ಪಿದ ಮೇಲೆ ನಾವು ಬೇರೆ ಹೇಳುವುದೇನು? ಅವನ ಅಂಗಿ ಕಳಚಿ, ರಟ್ಟೆ ಹಿಡಿದು, ದಬದಬಿಯ ಕೆಳಗೆ ನಿಲ್ಲಿಸಿದೆ. ತಲೆಯ ಮೇಲೆ ನೀರು ಬಿದ್ದಾಗ ಸುತ್ತ ನಿಂತವರೆಲ್ಲ ಕೈ ಎತ್ತಿ ದೇವರ ಹೆಸರು ಕೂಗಿದರು. ನಾನು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ನಿಂತೆ. ಒಂದು ಜನ್ಮಕ್ಕೆ ನಾಲ್ಕು ಸಲ ಸಾಕು.