ಓರೆ ಹೆಗಲಿನ ಅಂಗಿ ಮತ್ತು ಎರಡು ಡಿಸ್ಕು

ಆ ಬೀದಿಯಲ್ಲಿ ದರ್ಜಿಗಳಿಗೇನೂ ಬರವಿರಲಿಲ್ಲ. ಆದರೆ ಬೆನ್ನು ಬಾಗಿದವರು, ಗಾಲಿಕುರ್ಚಿಯಲ್ಲಿ ಕೂತವರು, ಒಂದು ತೋಳು ಮೋಟಾದವರು ಹುಡುಕಿಕೊಂಡು ಬರುತ್ತಿದ್ದದ್ದು ಅಳತೆ ಅಕ್ಕನ ಬಳಿಗೇ. ಐದಾರು ಸಲ ತೊಡಿಸಿ, ಬಿಚ್ಚಿಸಿ, ಅಲ್ಲಿ ಹಿಡಿದು ಇಲ್ಲಿ ಬಿಟ್ಟು, ಒಬ್ಬೊಬ್ಬರ ಮೈಗೂ ಅವಳು ಒಂದು ಕಾಗದದ ನಮೂನೆ ಕತ್ತರಿಸುತ್ತಿದ್ದಳು. ಅವಳ ಗಂಡನೂ ಹಾಗೆ ಬಂದವನೇ. ಏಣಿಯಿಂದ ಬಿದ್ದು ಎಡ ಹೆಗಲು ಜೋತುಬಿದ್ದಿತ್ತು. ಅಂಗಿ ಹೊಲಿಸಲು ಬಂದ ಪುಣ್ಯಾತ್ಮ ಅಲ್ಲೇ ಉಳಿದುಬಿಟ್ಟ.

ನಮೂನೆಗಳನ್ನು ಗೆದ್ದಲು ತಿನ್ನತೊಡಗಿದಾಗ ಅಕ್ಕ ಉಳಿದವನ್ನೆಲ್ಲ ಕಂಪ್ಯೂಟರಿಗೆ ಏರಿಸಿದಳು. ಅದೂ ಎಂಥದ್ದು? ಬರೆದದ್ದನ್ನೆಲ್ಲ ಒಟ್ಟಿಗೇ ಎರಡು ಡಿಸ್ಕುಗಳಲ್ಲಿ ಬರೆದಿಡುವ ಪೆಟ್ಟಿಗೆಯೇ ಬೇಕೆಂದು ಹಟ ಹಿಡಿದಳು. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ.

ಗಂಡ ಮೂಗು ಮುರಿದ. "ಇದ್ದಿದ್ದನ್ನೇ ಎರಡು ಸಲ ಇಡೋಕೆ ಇಷ್ಟು ಖರ್ಚಾ? ನಿನಗೆಲ್ಲೋ ಹುಚ್ಚು ಕಣೇ."

"ಅಂಗಿ ಒಳಗಡೆ ಒಂದು ಗುಂಡಿ ಹೆಚ್ಚಿಗೆ ಹೊಲಿದು ಕೊಡಲ್ವಾ? ಆಗ ಯಾರೂ ಹುಚ್ಚು ಅನ್ನಲ್ಲ" ಎಂದಳು ಅಕ್ಕ.

ಎಷ್ಟೋ ಕಾಲ ಆ ಪೆಟ್ಟಿಗೆ ತುಟಿಪಿಟಿಕ್ಕೆನ್ನದೆ ಮೂಲೆಯಲ್ಲಿ ಕೂತಿತ್ತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕುಯ್ಯೋ ಎಂದು ಕೂಗತೊಡಗಿತು. 'ಡಿಸ್ಕ್ 1 ಕೆಟ್ಟಿದೆ' ಎಂದಿತು ಪರದೆ. ಅಕ್ಕ ಗಿರಾಕಿಯೊಬ್ಬಳ ಲಂಗದ ಅಂಚು ಹಿಡಿಯುತ್ತಿದ್ದಳು, ಬಾಯಿ ತುಂಬ ಗುಂಡುಪಿನ್ನು. ಅವುಗಳನ್ನು ಅಂಗೈಗೆ ಉಗುಳಿ "ಮುಟ್ಟಬೇಡಿ" ಅನ್ನುವಷ್ಟರಲ್ಲಿ ಗಂಡ ಮೊದಲನೆಯ ಡಿಸ್ಕನ್ನು ಎಳೆದಾಗಿತ್ತು.

ಕೂಗು ನಿಂತಿತು. "ನೋಡು, ಹೇಗೆ ಬಾಯಿ ಮುಚ್ಚಿಸಿದೆ!" ಎಂದು ಬೀಗಿದ.

ಅಕ್ಕ ಪರದೆ ನೋಡಿದಳು. ಒಂದೇ ಒಂದು ನಮೂನೆ ಇರಲಿಲ್ಲ. ಹೋದದ್ದನ್ನು ಮತ್ತೆ ಅಳೆದರಾಯಿತು ಅನ್ನುವಂತಿರಲಿಲ್ಲ. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದಿದ್ದ ಬಸ್ ಡ್ರೈವರನನ್ನು ಈಗ ಎಬ್ಬಿಸಿ ಕೂರಿಸಿ ಅಳತೆ ತೆಗೆಯುವುದೆಲ್ಲಿ ಬಂತು? ಅಂಥವರು ಇನ್ನೂ ಎಷ್ಟು ಜನ!

ಅಷ್ಟರಲ್ಲಿ ಪರದೆ ಇನ್ನೊಂದು ಪ್ರಶ್ನೆ ಕೇಳಿತು: 'ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಲೇ?' ಸರಿ ಮಾಡುವ ಆತುರದಲ್ಲಿ ಗಂಡನ ಬೆರಳು 'ಹೌದು' ಕಡೆಗೆ ಹೊರಟಿತು. ಅಕ್ಕ ಅವನ ಕೈಗೆ ಛಟೀರನೆ ಒಂದು ಕೊಟ್ಟು, ರಿಪೇರಿಯವನಿಗೆ ಫೋನು ಹಚ್ಚಿದಳು.

"ಅಕ್ಕಾ, ಅಳಬೇಡಿ. ಭಾವ ಯಾವುದನ್ನ ಎಳೆದ್ರು?" ಎಂದ ಅವನು.

"ಒಂದು ಅಂತ ಬಂದಿತ್ತಪ್ಪ. ಮೊದಲನೇದನ್ನೇ ಎಳೆದ್ರು."

"ಅಲ್ಲೇ ಎಡವಟ್ಟಾಗಿದ್ದು! ಆ ಪೆಟ್ಟಿಗೆ ಸೊನ್ನೆಯಿಂದ ಎಣಿಸುತ್ತೆ. ಮೊದಲನೇದು ಸೊನ್ನೆ, ಎರಡನೇದು ಒಂದು. ಭಾವ ಕಿತ್ತಿರೋದು ಚೆನ್ನಾಗಿರೋದನ್ನ. ಎಲ್ಲಿಟ್ಟಿದ್ದಾರೆ?"

ಇಬ್ಬರೂ ತಿರುಗಿ ನೋಡಿದರು. ಡಿಸ್ಕು ಇಸ್ತ್ರಿ ಮಾಡುವ ಮೇಜಿನ ಮೇಲಿತ್ತು, ಕಾದ ಇಸ್ತ್ರಿಪೆಟ್ಟಿಗೆಯಿಂದ ಗೇಣು ದೂರದಲ್ಲಿ. ಗಂಡ ಹಸುಗೂಸನ್ನು ಎತ್ತುವಂತೆ ಎರಡೂ ಕೈಯಿಂದ ಅದನ್ನೆತ್ತಿಕೊಂಡ.

"ಪೂರ್ತಿ ಆಫ್ ಮಾಡಿ, ಅದನ್ನ ಅದೇ ಜಾಗಕ್ಕೆ ಹಾಕಿ, ಮತ್ತೆ ಆನ್ ಮಾಡಿ. ಏನು ಕೇಳಿದ್ರೂ ಹೌದು ಅನ್ನಬೇಡಿ."

ಪೆಟ್ಟಿಗೆ ಗುಂಯ್‌ಗುಟ್ಟಿತು. ತಡವರಿಸಿತು. ಮತ್ತೆ ಕುಯ್ಯೋ ಎಂದಿತು. ಅದರ ಹಿಂದೆಯೇ ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿದುಬಂದವು. ಡ್ರೈವರು ಇದ್ದ. ಎಲ್ಲರೂ ಇದ್ದರು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆ ಕರ್ಕಶ ಕೂಗೂ ಇಂಪಾಗಿ ಕೇಳಿತು.

ಅವಳು ಪಟ್ಟಿಯಲ್ಲಿ ಒಂದನ್ನು ಆರಿಸಿ ತೆರೆದಳು. ಎಡ ಹೆಗಲು ಇಳಿಜಾರಾದ ಒಂದು ಅಂಗಿ.

"ನಂದಾ?" ಗಂಡನ ದನಿ ಸಣ್ಣಗಾಗಿತ್ತು. "ನಾನು ಇಲ್ಲೇ ಇದೀನಲ್ಲೇ, ಬೇಕಾದಾಗ ಅಳೀಬಹುದಿತ್ತು."

"ಅಳೀಬಹುದಿತ್ತು ರೀ. ಆದರೆ ಇದು ನೀವು ಮೊದಲನೇ ಸಲ ಬಂದಾಗ ತೆಗೆದಿದ್ದು" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಟ್ಟದ್ದರ ಬದಲಿಗೆ ಹೊಸ ಡಿಸ್ಕು ತರಲು ಹೋದ ಗಂಡ ಎರಡು ತಂದ. ಒಂದನ್ನು ರಿಪೇರಿಯವನು ಪೆಟ್ಟಿಗೆಗೆ ಕೂರಿಸಿದ. ಇನ್ನೊಂದು ಯಾಕೆಂದು ಅಕ್ಕ ಹುಬ್ಬೇರಿಸಿದಳು.

"ಇದರಲ್ಲೂ ಎಲ್ಲಾ ತುಂಬಿಸಿ ನಿನ್ನ ತಂಗಿ ಮನೇಲಿಟ್ಟು ಬರ್ತೀನಿ" ಎಂದ ಅವನು. "ಅಲ್ಲಾದರೆ ನನ್ನ ಕೈಗೆ ಸಿಗಲ್ಲ."