ಐದು ರೂಪಾಯಿಯ ಸಿಂಫನಿಗೆ ಮಂಗಳ

ಹುತ್ತೂರಿನ ಕೋದಂಡರಾಮಪ್ಪನವರಿಗೆ ಸಿಂಫನಿಯ ಹುಚ್ಚು ಹಿಡಿಸಿದ್ದು ಸಂಗೀತವಲ್ಲ, ಅದರ ಬೆಲೆ. ಎಪ್ಪತ್ತರ ದಶಕದಲ್ಲಿ ಕೋಲಾರದ ಬಸ್ ನಿಲ್ದಾಣದ ಹತ್ತಿರ ರಷ್ಯಾದ ಪುಸ್ತಕಗಳ ವ್ಯಾನೊಂದು ಆಗಾಗ ಬಂದು ನಿಲ್ಲುತ್ತಿತ್ತು. ಒಂದು ದಿನ ರೇಷ್ಮೆಗೂಡು ಮಾರಿ ಬಂದ ಕೋದಂಡರಾಮಪ್ಪ ಬಿಸಿಲು ತಪ್ಪಿಸಿಕೊಳ್ಳಲೆಂದು ಅದರೊಳಗೆ ಹತ್ತಿದರು. ಪುಸ್ತಕಗಳ ಪಕ್ಕದಲ್ಲಿ ಗ್ರಾಮಫೋನ್ ರೆಕಾರ್ಡುಗಳಿದ್ದವು. ಸಿನಿಮಾ ಹಾಡಿನ ರೆಕಾರ್ಡನ್ನು ಮುಟ್ಟಿದರೆ ಕೈ ಸುಡುತ್ತಿದ್ದ ಕಾಲದಲ್ಲಿ ಇವು ಬರೀ ಐದು ರೂಪಾಯಿ. ಕೈಗೆ ಸಿಕ್ಕಿದ್ದರ ಮೇಲೆ ಬಿಳಿಗಡ್ಡದ ಮನುಷ್ಯನ ಚಿತ್ರವಿತ್ತು, ಹೆಸರು ಚೈಕೋವ್‌ಸ್ಕಿ.

"ಇದ್ರಲ್ಲಿ ಎಷ್ಟು ಜನ ಬಾರ್ಸವ್ರೆ?" ಎಂದು ಕೇಳಿದರು.

"ನೂರು ಜನ ಇರ್ಬೋದು ಯಜಮಾನ್ರೇ," ಎಂದ ಮಾರುವವನು.

ತಲೆಗೆ ಐದು ಪೈಸೆ! ಅವರ ಮದುವೆಗೆ ಬಂದಿದ್ದ ಬ್ಯಾಂಡ್‌ಸೆಟ್ಟಿನವರು ಎರಡು ಪಂಕ್ತಿ ಊಟ ಮಾಡಿ, ಕೇಳಿದಷ್ಟು ದುಡ್ಡೂ ತೆಗೆದುಕೊಂಡು, ಎರಡೇ ಹಾಡು ಬಾರಿಸಿ ಹೋಗಿದ್ದರು. ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ರೆಕಾರ್ಡು ಕೊಂಡು ಬಸ್ ಹತ್ತಿದರು. ಅದನ್ನು ಹಾಕುವ ಪೆಟ್ಟಿಗೆ ಮನೆಯಲ್ಲಿ ಇಲ್ಲ ಅನ್ನುವುದು ಹೊಳೆದದ್ದು ಅರ್ಧ ದಾರಿಯಲ್ಲಿ.

ಚಿನ್ನದ ಗಣಿಯಿಂದ ನಿವೃತ್ತರಾಗಿ ಊರು ಬಿಡುತ್ತಿದ್ದ ಗುಮಾಸ್ತರೊಬ್ಬರಿಂದ ಹಳೆಯ ಪ್ಲೇಯರ್ ತಂದದ್ದು, ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಎಮ್ಮೆಯೊಂದು ಬರುತ್ತಿತ್ತು ಎಂದು ಹೆಂಡತಿ ಅಶ್ವತ್ಥಮ್ಮ ಹಬ್ಬಹಬ್ಬಕ್ಕೂ ನೆನಪಿಸಿದ್ದು, ಇವೆಲ್ಲ ಊರಿಗೇ ಗೊತ್ತು. ಆದರೆ ಸೂಜಿ ಇಟ್ಟು, ನೂರು ಜನ ಒಟ್ಟಿಗೆ ಉಸಿರೆಳೆದು ಬಾರಿಸತೊಡಗಿದಾಗ ಕೋದಂಡರಾಮಪ್ಪ ಲೆಕ್ಕಾಚಾರ ಮರೆತರು. ಅವರಿಗೆ ಅದು ಅರ್ಥವಾಯಿತೆಂದು ನಾನು ಹೇಳಲಾರೆ. ಅವರೂ ಹೇಳಿಕೊಳ್ಳಲಿಲ್ಲ. ಇಷ್ಟವಾಯಿತು, ಅಷ್ಟೆ. ಮುಂದೆ ವ್ಯಾನು ಬಂದಾಗಲೆಲ್ಲ ಒಂದೆರಡು ಕೊಂಡರು. ರಖ್ಮಾನಿನೊವ್, ದ್ವೊರ್ಜಾಕ್ ಎಲ್ಲರೂ ಬಂದು ರಾಗಿ ಕಣಜದ ಮೇಲಿನ ಹಲಗೆಯಲ್ಲಿ ಸಾಲಾಗಿ ನಿಂತರು. ಗಡ್ಡದವನಿಗೆ ಮಾತ್ರ ಮೊದಲ ಜಾಗ.

ತಕರಾರು ಎದ್ದದ್ದೂ ಆ ಗಡ್ಡದವನಿಂದಲೇ. ಆ ರೆಕಾರ್ಡಿನ ಎರಡನೇ ಮಗ್ಗುಲಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ದಂಡು ಗೆದ್ದು ಊರಿಗೆ ಬಂದಂಥ ಸಂಭ್ರಮ. ಅದು ಮುಗಿದದ್ದೇ ತಡ, ಪಿಟೀಲುಗಳೆಲ್ಲ ಸೇರಿ ಅಳುವುದಕ್ಕೆ ಶುರು. ಅಳು ಇಳಿದು ಇಳಿದು, ದಪ್ಪ ತಂತಿಗಳಲ್ಲಿ ನರಳಿ, ಕೊನೆಗೆ ಸದ್ದೇ ಇಲ್ಲ.

ಅಶ್ವತ್ಥಮ್ಮ ರೇಷ್ಮೆಹುಳ ಸಾಕುವ ಮನೆಯಿಂದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದೇ ಬಂದಳು. "ಹಿಂಗೇ ಮುಗಿಯುತ್ತಾ ಇದು?"

"ಹಿಂಗೇ ಕಣೇ. ಅವ್ರು ಮಾಡಿರೋದೇ ಹಂಗೆ."

"ಅವ್ರ ಮನೇಲಿ ಹುಳ ಇರ್ಲಿಲ್ಲ, ಮಾಡವ್ರೆ. ನಮ್ಮನೇಲಿ ಹುಳ ಹಣ್ಣಾಗೈತೆ. ಗೂಡು ಕಟ್ಟೋ ಮನೇಲಿ ಅಳು ಕೇಳಿಸ್ಬಾರ್ದು."

ಕೋದಂಡರಾಮಪ್ಪ ನ್ಯಾಯಕ್ಕೆಂದು ಪಕ್ಕದ ಮನೆಯ ಪೆದ್ದಪ್ಪನನ್ನು ಕರೆದರು. ಪೆದ್ದಪ್ಪ ಊರ ಭಜನೆಯಲ್ಲಿ ಹಾರ್ಮೋನಿಯಂ ಒತ್ತುವವನು. ಆತ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಎಲ್ಲಾ ಬಾಗುಂದಿ ಸಾಮಿ, ಚೆನ್ನಾಗೈತೆ, ಮಂಗಳ ಒಂದಿಲ್ಲ," ಎಂದುಬಿಟ್ಟ. ಭಜನೆಯಾಗಲಿ ಹರಿಕಥೆಯಾಗಲಿ, ಮಂಗಳ ಹಾಡದೆ ಎದ್ದವರುಂಟೇ? ತೀರ್ಪು ಅಶ್ವತ್ಥಮ್ಮನ ಪರವಾಯಿತು.

ಅಂದಿನಿಂದ ಆ ಮನೆಯಲ್ಲಿ ಗಡ್ಡದವನ ಸಂಗೀತ ತಿರುಗುಮುರುಗಾಯಿತು. ಮೊದಲು ಅಳು, ಆಮೇಲೆ ಸೂಜಿಯನ್ನೆತ್ತಿ ಹಿಂದಕ್ಕಿಟ್ಟು ಸಂಭ್ರಮ. ಸಂಭ್ರಮ ಮುಗಿಯುವ ಹೊತ್ತಿಗೆ ಪೆಟ್ಟಿಗೆಯ ಪಕ್ಕದಲ್ಲಿ ಕಾದಿದ್ದು ಸೂಜಿ ಎತ್ತಬೇಕು. ಒಂಚೂರು ತೂಕಡಿಸಿದರೆ ಪಿಟೀಲುಗಳು ಅಳು ಶುರುಮಾಡುತ್ತಿದ್ದವು, ಹುಳದ ಮನೆಯಿಂದ "ಏಡುಪು ಪಾಟ ಬಂತು" ಎಂಬ ಕೂಗು ಬರುತ್ತಿತ್ತು. ಅಳುವ ಹಾಡಿಗೆ ಅದು ಅವಳ ತವರಿನ ತೆಲುಗು ಹೆಸರು. ವರ್ಷಗಳು ಹೋದವು. ಒಂದೇ ಒಂದು ಸಲ, ಗಡ್ಡದವನು ಹೇಳಿದ ಹಾಗೆಯೇ ಅದನ್ನು ಮುಗಿಯಲು ಬಿಡಬೇಕು ಎಂಬ ಆಸೆ ಮಾತ್ರ ಕೋದಂಡರಾಮಪ್ಪನವರನ್ನು ಬಿಡಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಅಶ್ವತ್ಥಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೋಲಾರದಲ್ಲಿ ಆಪರೇಷನ್ ಎಂದರು. ಅದೇ ವಾರ ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟಿಗಳಿಗೆ ಬಿಟ್ಟಾಗಿತ್ತು. ಗಂಡ ಜೊತೆಗೆ ಹೊರಟಾಗ ಅವಳು ತಡೆದಳು.

"ಭಾರತಿ ಬರ್ತಾಳೆ ನನ್ ಜೊತೆ. ನೀವು ಹುಳ ನೋಡ್ಕೊಳ್ಳಿ. ಅಲ್ಲಿಗ್ ಬಂದು ಏನ್ ಮಾಡ್ತೀರ, ಡಾಕ್ಟ್ರಿಗೆ ರೆಕಾರ್ಡ್ ಹಾಕ್ತೀರ?"

ತಂಗಿ ಭಾರತಿಯ ಜೊತೆ ಅವಳು ಬಸ್ ಹತ್ತಿದಳು. ಆಪರೇಷನ್ ಮರುದಿನ. ಸಂಜೆ ಕೋದಂಡರಾಮಪ್ಪ ಒಬ್ಬರೇ ಪಡಸಾಲೆಯಲ್ಲಿ ಕೂತರು. ಬೇಡವೆನ್ನುವವರು ಯಾರೂ ಇಲ್ಲ. ಕಳ್ಳನ ಹಾಗೆ ಬಾಗಿಲು ಹಾಕಿ, ಸದ್ದು ಸಣ್ಣಗೆ ಮಾಡಿ, ರೆಕಾರ್ಡಿನ ಎರಡನೇ ಮಗ್ಗುಲನ್ನು ಮೊದಲಿನಿಂದ ಹಾಕಿದರು. ಸಂಭ್ರಮ ಮುಗಿಯಿತು. ಕೈ ತಾನಾಗಿ ಸೂಜಿಯ ಕಡೆ ಹೋಯಿತು, ಹಿಂದಕ್ಕೆಳೆದುಕೊಂಡರು. ಪಿಟೀಲುಗಳು ಅತ್ತವು. ಅಳು ಇಳಿಯಿತು, ದಪ್ಪ ತಂತಿ ನರಳಿತು, ನಿಂತಿತು.

ಮನೆ ಎಷ್ಟು ಖಾಲಿಯಾಯಿತೆಂದರೆ, ಹುಳದ ಮನೆಯಿಂದ ಯಾರಾದರೂ ಬೈಯಬಾರದೇ ಅನ್ನಿಸಿತು. ಕೋದಂಡರಾಮಪ್ಪನವರಿಗೆ ಹೆದರಿಕೆಯಾಯಿತು. ಸೂಜಿಯನ್ನು ಹಿಂದಕ್ಕಿಟ್ಟು, ಸಂಭ್ರಮವನ್ನು ಪೆದ್ದಪ್ಪನ ಮನೆಗೆ ಕೇಳಿಸುವಷ್ಟು ಜೋರಾಗಿ ಹಾಕಿದರು. ಅದು ಮುಗಿದಾಗ ಇನ್ನೊಂದು ಸಲ ಹಾಕಿದರು. ಮರುದಿನ ಕೋಲಾರದಿಂದ ಆಪರೇಷನ್ ಚೆನ್ನಾಗಾಯಿತೆಂಬ ಸುದ್ದಿ ಬರುವವರೆಗೂ ಪೆಟ್ಟಿಗೆಯ ಮುಚ್ಚಳ ಮುಟ್ಟಲಿಲ್ಲ.

ಅವಳು ಮನೆಗೆ ಬಂದು ಎದ್ದು ಓಡಾಡುವ ಹೊತ್ತಿಗೆ ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ, ನೆನೆಸಿದ ಅವರೆಕಾಳಿನ ಪಾತ್ರೆ ಎಳೆದುಕೊಂಡವಳು ಇದ್ದಕ್ಕಿದ್ದಂತೆ, "ಆ ಏಡುಪು ಪಾಟ ಹಾಕಿ. ಕೊನೇಗೇ ಬರ್ಲಿ," ಎಂದಳು.

"ಯಾಕೇ?"

"ವಾರ್ಡಲ್ಲಿ ಯಾರೂ ಅಳೋ ಹಂಗಿಲ್ಲ, ನರ್ಸು ಬೈತಾಳೆ. ಆಪರೇಷನ್ ಹಿಂದಿನ್ ರಾತ್ರಿ ಅದೇ ನೆನಪಾಗ್ತಿತ್ತು. ಅದಾದ್ರೂ ಅಳ್ತದಲ್ಲ ಅನ್ಕೊಂಡೆ."

"ಬೇಡ ಬಿಡೇ," ಎಂದರು ಕೋದಂಡರಾಮಪ್ಪ. ಇಷ್ಟು ವರ್ಷ ಜಗಳವಾಡಿದ ಮನುಷ್ಯ ಹೀಗಂದರೆ ಯಾರು ನಂಬುತ್ತಾರೆ? ಅವಳು ದಿಟ್ಟಿಸಿ ನೋಡಿದಳು. ಕೊನೆಗೆ ಒಪ್ಪಿಕೊಂಡರು. "ನೀನಿಲ್ದಾಗ ಹಾಕ್ದೆ. ಮುಗಿದ್ಮೇಲೆ ಖಾಲಿ ಮನೇಲಿ ತಡಿಯಕ್ ಆಗ್ಲಿಲ್ಲ."

ಅಶ್ವತ್ಥಮ್ಮ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಈಗ ಇದೀನಲ್ಲ, ಹಾಕಿ."

"ಮುಗಿಯೋವರ್ಗೂ ನೀನು ಏಳ್ಬಾರ್ದು."

"ಇಷ್ಟು ಕಾಳು ಹಿಚುಕ್ಬೇಕು, ಎಲ್ಲಿಗ್ ಏಳ್ಲಿ?"

ಹಾಕಿದರು. ಮದುವೆಯಾದಮೇಲೆ ಗಂಡನ ರೆಕಾರ್ಡೊಂದನ್ನು ಅವಳು ಪೂರ್ತಿ ಕೂತು ಕೇಳಿದ್ದು ಅದೇ ಮೊದಲು. ಸಂಭ್ರಮ ಬಂದು ಹೋಯಿತು. ಪಿಟೀಲುಗಳು ಅತ್ತವು, ಅಳು ಇಳಿಯಿತು, ದಪ್ಪ ತಂತಿಗಳೂ ನಿಂತವು. ಕೋದಂಡರಾಮಪ್ಪ ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ, ಹೆಂಡತಿಯ ಕೈಗಳನ್ನು ನೋಡುತ್ತಿದ್ದರು. ಅವು ಕಾಳಿನ ಸಿಪ್ಪೆ ಬಿಡಿಸುತ್ತಲೇ ಇದ್ದವು.

"ಮುಗೀತಾ?" ಎಂದಳು.

"ಮುಗೀತು."

"ಪರವಾಗಿಲ್ಲ," ಎಂದು ಪಾತ್ರೆಯನ್ನು ಅವರ ಕಡೆಗೂ ಸ್ವಲ್ಪ ಸರಿಸಿದಳು.