ಎದುರು ಪ್ರದಕ್ಷಿಣೆ

ಚೆನ್ನೈನ ಮೈಲಾಪೂರಿಗೆ ಸೊಸೆಯಾಗಿ ಬಂದಾಗಿನಿಂದ ಅಂಬುಜಮ್ಮ ಗುರುವಾರ ತಪ್ಪಿಸಿದವರಲ್ಲ. ಮನೆಯಲ್ಲಿ ಜಗಳವಿರಲಿ, ಬೀದಿಯಲ್ಲಿ ಮೊಣಕಾಲುದ್ದ ನೀರಿರಲಿ, ರಾಯರ ಮಠದಲ್ಲಿ ಬೃಂದಾವನ ಸುತ್ತಿ ಬಂದ ಮೇಲೆಯೇ ಕಾಫಿ. ಈಗ ಮರೆವು ಹತ್ತಿದೆ. ಗುರುವಾರ ಮರೆತಿಲ್ಲ, ಯಾವ ಕಡೆಯಿಂದ ಸುತ್ತಬೇಕೆಂಬುದಷ್ಟೇ ಮರೆತುಹೋಗಿದೆ.

ಹೋದ ವಾರ ಉಲ್ಟಾ ಹೊರಟೇಬಿಟ್ಟರು. ಎದುರು ಬಂದವರ ಭುಜ ತಾಗಿತು, ಮೊಣಕೈ ತಾಗಿತು. “ಪಾಟೀ, ಇಂದ ಪಕ್ಕಂ” ಎಂದು ಯಾರೋ ತಮಿಳಿನಲ್ಲಿ ಅಜ್ಜಿಗೆ ಸರಿಯಾದ ಕಡೆ ತೋರಿಸಿ, ತೋಳು ಹಿಡಿದು ತಿರುಗಿಸಿದರು. ಮುದುಕಿ ಮತ್ತೆ ಉಲ್ಟಾ. ಕೊನೆಗೆ ಬಿದ್ದೇಬಿದ್ದರು. ಪೆಟ್ಟಾಗಲಿಲ್ಲ. ಆದರೆ ಬ್ಯಾಂಕಿನಲ್ಲಿ ಶಿಸ್ತಾಗಿ ದುಡಿದು ನಿವೃತ್ತನಾದ ಮಗ ಮಧ್ವರಾಜನಿಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. “ಇನ್ನು ಮಠ ಬೇಡಮ್ಮಾ” ಅಂದುಬಿಟ್ಟ.

ಬುಧವಾರ ಸಂಜೆ ಅಂಬುಜಮ್ಮ ನಾಳೆಯ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, ಮೊಮ್ಮಗಳು ಶ್ರೀಪ್ರಿಯಾಳ ಪಕ್ಕ ಕೂತರು. ಅವಳು ಗ್ಯಾಲಕ್ಸಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೆರೆದಿತ್ತು.

“ಏನೇ ಅದು, ದೋಸೆ ಥರ?”

“ಗ್ಯಾಲಕ್ಸಿ ಅಜ್ಜೀ. ಮೊದಲು ದೊಡ್ಡ ಗ್ಯಾಸ್ ಮೋಡ. ಒಂದೊಂದು ಭಾಗ ಒಂದೊಂದು ಕಡೆ ಹೋಗ್ತಿರತ್ತೆ. ಒಟ್ಟಾರೆ ಮಾತ್ರ ಒಂದೇ ಕಡೆ ಸ್ವಲ್ಪ ಸುತ್ತು. ಒಳಗೆ ಕುಸಿದ ಹಾಗೆ ಸುತ್ತು ಜೋರಾಗತ್ತೆ. ಮೇಲಿಂದ, ಕೆಳಗಿಂದ, ಎದುರಿಂದ ಬರೋದೆಲ್ಲ ಡಿಕ್ಕಿ ಹೊಡ್ಕೊಂಡು ಬಿಸಿಯಾಗಿ, ವೇಗ ಕಳ್ಕೊಳ್ಳತ್ತೆ. ಒಂದೇ ಕಡೆ ಸುತ್ತೋದು ಮಾತ್ರ ಉಳ್ದು, ತಟ್ಟೆ ಥರ ಚಪ್ಪಟೆಯಾಗತ್ತೆ.”

“ನಮ್ಮ ಮಠದ ಕೂಟ್ಟದ, ಆ ಜನಜಂಗುಳಿಯ ಹಾಗೇ ಅನ್ನು” ಎಂದರು ಅಂಬುಜಮ್ಮ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಮಧ್ವರಾಜ ಪುಟ ತಿರುಗಿಸಲಿಲ್ಲ. “ಅಲ್ಲಿ ಉಲ್ಟಾ ಹೋಗೋವು ಒಂದೂ ಇಲ್ವೇನೆ?” ಅಂಬುಜಮ್ಮ ಮತ್ತೆ ಕೇಳಿದರು.

ಶ್ರೀಪ್ರಿಯಾ ಚಿತ್ರದ ಅಂಚಿಗೆ ಬೆರಳಿಟ್ಟಳು. “ಇವೆ ಅಜ್ಜೀ. ತಟ್ಟೆ ಆಗೋಕ್ಕೆ ಮುಂಚೇನೇ ಹುಟ್ಟಿದ ಹಳೇ ನಕ್ಷತ್ರಗಳು. ಅವು ಸುತ್ತಲೂ ಚದುರಿಕೊಂಡಿವೆ. ಎಷ್ಟೋ ಉಲ್ಟಾನೇ ಹೋಗ್ತವೆ. ಒಂದಕ್ಕೊಂದು ತುಂಬಾ ದೂರ, ಡಿಕ್ಕಿ ಹೊಡೆಯೋದೇ ಇಲ್ಲ. ಅದಕ್ಕೇ ಅವನ್ನ ಯಾರೂ ತಿರುಗಿಸಿಲ್ಲ.”

“ಬಿದ್ದುಹೋಗಲ್ವಾ?”

“ಇಲ್ಲ. ಅವೂ ಅದೇ ನಡುವನ್ನೇ ಸುತ್ತುತ್ತವೆ.”

ಅಂಬುಜಮ್ಮ ಸೀರೆಯ ಮಡಿಕೆ ಸವರುತ್ತಾ ಕೂತರು. ಹಾಲ್‌ನಲ್ಲಿ ಪೇಪರ್ ಮಡಿಸಿದ ಸದ್ದಾಯಿತು.

ಮರುದಿನ ಬೆಳಗ್ಗೆ, ಮಠದ ಬಾಗಿಲು ತೆರೆದು ಇನ್ನೂ ಜನ ಸೇರದ ಹೊತ್ತಿಗೆ ಮಧ್ವರಾಜ ತಾಯಿಯನ್ನು ಆಟೋದಿಂದ ಇಳಿಸಿದ. ಬೃಂದಾವನದ ಮುಂದೆ ಕೈಮುಗಿದು ಅಂಬುಜಮ್ಮ ಉಲ್ಟಾ ಹೊರಟರು. ಹೂ ಕಟ್ಟುತ್ತಿದ್ದವಳು ತಲೆಯೆತ್ತಿ ನೋಡಿದಳು. ಮಧ್ವರಾಜ ಶಲ್ಯ ಸೊಂಟಕ್ಕೆ ಬಿಗಿದು, ತಾಯಿಯ ಹಿಂದೆ ತಾನೂ ಉಲ್ಟಾ ಸುತ್ತತೊಡಗಿದ.